ಕೋಟೆಯೊಳಗಿನ ಚರ್ಚಿಗೆ ಎರಡು ಪುಟ ಯಾಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಮಡಿಕೇರಿ ಕೋಟೆಯ ಸೇಂಟ್ ಮಾರ್ಕ್ಸ್ ಚರ್ಚಿಗೆ ಎರಡು ಪುಟ ಕೊಟ್ಟಿದ್ದೀರಿ. ಇಂಗ್ಲಿಷರು ತಮಗೋಸ್ಕರ ಕಟ್ಟಿಕೊಂಡರು, ಬಿಟ್ಟು ಹೋದರು. ಅದು ನಮ್ಮ ಚರಿತ್ರೆ ಹೇಗಾಗುತ್ತದೆ? ಕೊಡಗಿನ ಅರಸರ ಬಗ್ಗೆ ಬರೆಯಿರಿ.
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನಿಮ್ಮ ಸಿಟ್ಟಿಗೆ ಕಾರಣವಿದೆ, ಒಪ್ಪಿದೆ. ನೀವು ಬರೆಯದೆ ಬಿಟ್ಟ ಒಂದು ಮಾತನ್ನೂ ನಾನೇ ಸೇರಿಸುತ್ತೇನೆ. ಕೋಟೆಯೊಳಗಿದ್ದ ವೀರಭದ್ರ ದೇವಸ್ಥಾನವನ್ನು ತೆಗೆಸಿ, 1850ರ ದಶಕದಲ್ಲಿ ಆ ಚರ್ಚು ಕಟ್ಟಿದರು. ಆದರೆ ಸ್ವಾಮಿ, ಚರ್ಚಿನ ಕಥೆ ಬೇಡ ಎಂದರೆ ಆ ದೇವಸ್ಥಾನದ ಕಥೆಯೂ ಅದರ ಜೊತೆಗೇ ಹೋಯಿತಲ್ಲ!

ಅರಸರ ಬಗ್ಗೆ ಬರೆಯಿರಿ ಎಂದಿರಿ. ಸರಿ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜನನ್ನು ಗದ್ದುಗೆಯಿಂದ ಇಳಿಸಿತು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿಯ ಕೈಲಿದ್ದ ತನ್ನ ಹಣ ಕೊಡಿ ಎಂದು ಅಲ್ಲೇ ದಾವೆ ಹೂಡಿದ. ಅದೇ 1852ರ ಜೂನ್ 30ರಂದು, ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಗೌರಮ್ಮನಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತಳಾಗುವ ಸಂಸ್ಕಾರ. ಮಾಡಿಸಿದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಧರ್ಮತಾಯಿಯಾಗಿ ನಿಂತವಳು ಸ್ವತಃ ವಿಕ್ಟೋರಿಯಾ ರಾಣಿ. ಅಲ್ಲಿ ಅರಸನ ಮಗಳು ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನವಳು, ಆದಳು, ಕೆಲವೇ ವರ್ಷಕ್ಕೆ ಇಲ್ಲಿ ಅರಸನ ಕೋಟೆಯಲ್ಲಿ ಆಂಗ್ಲಿಕನ್ ಚರ್ಚು ಎದ್ದಿತು. ಈಗ ಹೇಳಿ, ಅರಸರನ್ನೂ ಚರ್ಚನ್ನೂ ಹೇಗೆ ಬೇರೆ ಮಾಡ್ತೀರಿ?

ಇನ್ನು ಕಾಫಿ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ತೋಟ ಮಾಡಿದ. ಅವನ ಹಿಂದೆಯೇ ಬಿಳಿಯ ತೋಟಗಾರರು ಬಂದರು. ಯಾರು ಬಂದರು, ಯಾರನ್ನು ಮದುವೆಯಾದರು, ಎಷ್ಟು ಮಕ್ಕಳನ್ನು ಜ್ವರಕ್ಕೆ ಕಳೆದುಕೊಂಡರು ಎನ್ನುವುದೆಲ್ಲ ಸಿಗುವುದು ಇಂಥ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳಲ್ಲಿ. 1538ರಲ್ಲಿ ಎಂಟನೇ ಹೆನ್ರಿ ದೊರೆಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಇಂಗ್ಲೆಂಡಿನ ಪ್ರತಿ ಪ್ಯಾರಿಷ್‌ಗೂ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೂ, ವಿಧಿಸಿದ ಲೆಕ್ಕ ಅದು. ಭಾರತದ ರಿಜಿಸ್ಟರುಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು, ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿ ಅವನ್ನು ನೋಡಬಹುದು. ನಮ್ಮ ತೋಟಗಳಲ್ಲಿ ದುಡಿದು ಸತ್ತ ಕೂಲಿಗಳ ಹೆಸರು ಹುಡುಕಿ ನೋಡಿ. ಬಹಳ ಜನರದ್ದು ಸಿಗುವುದೇ ಇಲ್ಲ. ಸಿಟ್ಟು ಬರಬೇಕಾದದ್ದು ಅದಕ್ಕೆ.

ಬಿಟ್ಟು ಹೋದರು ಎಂದಿರಿ. ಇಂಗ್ಲಿಷರು ಹೋದರು, ನಿಜ. ದಕ್ಷಿಣದ ಆಂಗ್ಲಿಕನ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಬೇರೆ ಪ್ರಾಟೆಸ್ಟೆಂಟ್ ಸಭೆಗಳ ಜೊತೆ ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದವು. ಕೋಟೆಯ ಚರ್ಚು ಸರ್ಕಾರಿ ಮ್ಯೂಸಿಯಂ ಆಯಿತು. ಈಗ ಅಲ್ಲಿ ಜಿನಮೂರ್ತಿಗಳು, ವೀರಗಲ್ಲುಗಳಿವೆ, ಪಕ್ಕದಲ್ಲೇ ಬಣ್ಣದ ಗಾಜಿನ ಕಿಟಕಿ. ನನಗಂತೂ ಕೊಡಗಿನಲ್ಲಿ ಇಷ್ಟು ಇಷ್ಟವಾದ ಕಟ್ಟಡ ಇನ್ನೊಂದಿಲ್ಲ.

ನನ್ನ ಜಗಳ ಚರ್ಚಿನ ಮೇಲೆ ಬರೆಯುವವರ ಜೊತೆಯಲ್ಲ, ಬರೆಯದವರ ಜೊತೆ. ಚರ್ಚಾಗಲಿ, ಮಠವಾಗಲಿ, ಶಾಲೆಯಾಗಲಿ, ನೂರು ವರ್ಷ ತುಂಬಿದರೆ ಒಂದು ಸ್ಮರಣ ಸಂಚಿಕೆ ಬರುತ್ತದೆ. ಬಿಡಿಸಿದರೆ ಮಂತ್ರಿಗಳ ಶುಭಾಶಯ, ಸಮಿತಿಯವರ ಫೋಟೊ, ಬಟ್ಟೆ ಅಂಗಡಿ ಜಾಹೀರಾತು. ಚರಿತ್ರೆಗೆ ಅರ್ಧ ಪುಟ! ಅದರಲ್ಲೂ ಕಟ್ಟಿದ ಮೇಸ್ತ್ರಿಯ ಹೆಸರಿರುವುದಿಲ್ಲ. ಹಳೇ ಲೆಕ್ಕದ ಪುಸ್ತಕಗಳನ್ನು ಸುಣ್ಣ ಬಳಿಯುವಾಗಲೇ ರದ್ದಿಗೆ ಹಾಕಿರುತ್ತಾರೆ.

ನಿಮ್ಮ ಕೈಬರಹ ಚೆನ್ನಾಗಿದೆ, ರೋಷವೂ ಇದೆ. ಸುಮ್ನೆ ಪತ್ರಕ್ಕೆ ಅದನ್ನು ಖರ್ಚು ಮಾಡಬೇಡಿ. ನಿಮ್ಮೂರಿನ ಯಾವುದಾದರೂ ಹಳೇ ಗುಡಿಯದ್ದೋ ಚರ್ಚಿನದ್ದೋ ಕಥೆ, ಕಾಗದಪತ್ರ ನೋಡಿ, ಬರೆದು ಕಳಿಸಿ. ಮೂರು ಪುಟ ಕೊಡುತ್ತೇನೆ.