ಹಣ ಎಷ್ಟು ಎಂದು ಕೇಳಿಸಬೇಡಿ, ಅರ್ಜಿ ಏಕೆ ತಿರಸ್ಕಾರವಾಯಿತು ಎಂದು ಕೇಳಿಸಿ

ಗಾರೆ ಕೆಲಸದ ಮಾವ, ಮಗಳ ಓದಿಗೆ ಬರಬೇಕಾದ ಸಹಾಯಧನ, ತಿರಸ್ಕಾರವಾದ ಅರ್ಜಿ, ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯ ಊರು, ಬಜೆಟ್ ಅಧಿವೇಶನದಲ್ಲಿ ಶಾಸಕರಿಂದ ಕಾರ್ಮಿಕ ಇಲಾಖೆಯ ಖರ್ಚನ್ನು ಪ್ರಶ್ನಿಸುವ ಆಲೋಚನೆ. ನಿಮ್ಮ ಪ್ರಶ್ನೆಯಲ್ಲಿ ಹೆಸರೊಂದನ್ನು ಬದಲಿಸಿದರೆ ಅದು ನನ್ನದೇ ಕಥೆ. ಸದನದಲ್ಲಿ ಕೇಳಿಸಲೇ, ಮಾಹಿತಿ ಹಕ್ಕಿನಲ್ಲಿ ಹೋಗಲೇ ಎಂದು ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾನು ಒಬ್ಬ ಶಾಸಕರ ಮಾನ ಕಳೆದದ್ದು ಹೇಗೆಂದು ಕೇಳಿ.

ಆಗ ನಾನು ನಮ್ಮ ತಾಲ್ಲೂಕಿನ ಒಂದು ಸಿಮೆಂಟ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಗಾರೆಯವರು, ಕಂಬಿ ಕಟ್ಟುವವರು, ಬಣ್ಣ ಬಳಿಯುವವರು ಎಲ್ಲರೂ ಅಲ್ಲಿಗೇ ಬರುವವರು. ಓದು ಬರಹ ಬಲ್ಲವನೆಂದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಅವರಿಗೆ ಕೊಡುವ ಕಾರ್ಡಿನ ಅರ್ಜಿ, ನವೀಕರಣ, ಬ್ಯಾಂಕ್ ಪುಸ್ತಕದ ಪ್ರತಿ ಎಲ್ಲವೂ ನನ್ನ ಮೇಜಿಗೆ ಬಂದು ಬೀಳುತ್ತಿದ್ದವು. 2020ರ ಲಾಕ್‌ಡೌನ್ ಬಂತು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು, ನಮ್ಮ ಜಿಲ್ಲೆಯವರೇ, ಮೇ 6ರಂದು 1,610 ಕೋಟಿ ರೂಪಾಯಿಯ ಪರಿಹಾರದ ಪ್ಯಾಕೇಜ್ ಪ್ರಕಟಿಸಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5,000 ಎಂದರು. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಮೇಲೆ ಇನ್ನೂ 3,000 ಎಂದರು. ಕಾರ್ಡ್ ಚಾಲ್ತಿಯಲ್ಲಿದ್ದವರ ಖಾತೆಗೆ ಹಣ ಬಂತು. ನವೀಕರಣ ತಪ್ಪಿಹೋದವರು ಅಂಗಡಿಯ ಮುಂದೆ ನಿಂತು ನನ್ನ ಮುಖ ನೋಡಿದರು. ಅದೇ ಗುಂಪಿನ ಕೆಲವರ ಮಕ್ಕಳ ಶೈಕ್ಷಣಿಕ ಸಹಾಯಧನದ ಅರ್ಜಿಗಳೂ ತಿರಸ್ಕಾರವಾಗಿ ಬಂದಿದ್ದವು.

ನನಗೆ ಸಿಟ್ಟು ನೆತ್ತಿಗೇರಿತು. ಇದು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಂಥವರನ್ನು ಸದನಕ್ಕೆ ಕಳುಹಿಸಿದ ಸೀಮೆ. 1951ರಲ್ಲಿ ಕಾಗೋಡಿನ ಗೇಣಿದಾರರು ಉಳುವ ನೆಲಕ್ಕಾಗಿ ಸತ್ಯಾಗ್ರಹ ಮಾಡಿದ ಸೀಮೆ. ಇಲ್ಲಿ ಹುಟ್ಟಿದವನು ಸುಮ್ಮನಿರುವುದುಂಟೇ ಎಂದುಕೊಂಡು ಬಜೆಟ್ ಪುಸ್ತಕಗಳನ್ನು ಜಾಲತಾಣದಿಂದ ಇಳಿಸಿಕೊಂಡೆ. ಲೆಕ್ಕ ಬರೆಯುವವನಾದ್ದರಿಂದ ಅಂಕಿಗಳ ಭಯವಿರಲಿಲ್ಲ, ಅದೇ ಮುಳುವಾಯಿತು. 2230 ಎಂಬ ಲೆಕ್ಕ ಶೀರ್ಷಿಕೆ ಕಾರ್ಮಿಕ ಮತ್ತು ಉದ್ಯೋಗದ್ದು, 2505 ಗ್ರಾಮೀಣ ಉದ್ಯೋಗದ್ದು ಎಂದು ತಿಳಿಯಿತು. ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಲೆಕ್ಕ ಎಂಬ ಅಂಕಣಗಳನ್ನು ಓದಲು ಕಲಿತೆ. ಆಮೇಲೆ ಪರಿಚಯದ ಶಾಸಕರೊಬ್ಬರಿಗೆ ಪ್ರಶ್ನೆಯ ಕರಡನ್ನು ನಾನೇ ಬರೆದುಕೊಟ್ಟೆ. (ಅ) 2230ರ ಅಡಿಯಲ್ಲಿ ನಮ್ಮ ತಾಲ್ಲೂಕಿನ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಬಿಡುಗಡೆಯಾದ ಅನುದಾನವೆಷ್ಟು. (ಆ) ಅದರಲ್ಲಿ ಖರ್ಚಾದದ್ದೆಷ್ಟು. (ಇ) ಉಳಿಕೆಗೆ ಕಾರಣವೇನು.

ಉತ್ತರ ಬಂತು. ಸದರಿ ಲೆಕ್ಕ ಶೀರ್ಷಿಕೆಯಡಿ ಅಂಥ ಅನುದಾನ ಒದಗಿಸಿಲ್ಲ. (ಆ) ಮತ್ತು (ಇ)ಗೆ: ಉದ್ಭವಿಸುವುದಿಲ್ಲ.

ಆ ಕಾಗದ ಹಿಡಿದು ನಾನು ಕುಣಿದಾಡಿದೆ. ಸಿಕ್ಕಿಬಿದ್ದರು ಎಂದುಕೊಂಡೆ. ಕಟ್ಟಡ ಕಾರ್ಮಿಕರಿಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ ಎಂದು ಸರ್ಕಾರವೇ ಸದನದಲ್ಲಿ ಒಪ್ಪಿಕೊಂಡಿದೆ ಎಂಬ ಹೇಳಿಕೆಯನ್ನು ಶಾಸಕರ ಹೆಸರಿನಲ್ಲಿ ಪತ್ರಿಕೆಗೆ ಕೊಡಿಸಿದೆ. ಅಚ್ಚೂ ಆಯಿತು. ಮುಂದಿನ ಸಭೆಯಲ್ಲಿ ಎದುರು ಪಕ್ಷದ ಮುಖಂಡರೊಬ್ಬರು ಕೊರೊನಾ ಕಾಲದಲ್ಲಿ ಖಾತೆಗೆ ಜಮೆಯಾದ ಹಣದ ಪಟ್ಟಿಯನ್ನು ಓದಿ, ಇದು ಯಾರ ಅಪ್ಪನ ಮನೆಯ ದುಡ್ಡು ಎಂದು ಶಾಸಕರನ್ನು ಕೇಳಿದರು. ಜನ ನಕ್ಕರು. ಆ ಶಾಸಕರು ನನ್ನ ಕೈಯಿಂದ ಮತ್ತೆ ಒಂದು ಚೀಟಿಯನ್ನೂ ತೆಗೆದುಕೊಳ್ಳಲಿಲ್ಲ.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕಲ್ಲು ಇದೆ. ಕಟ್ಟಡ ಕಾರ್ಮಿಕರ ಹಣ ಬಜೆಟ್ಟಿನ ಹಣವಲ್ಲ. ನಾನು ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಅಟ್ಟದ ಮೇಲೆ ಹುಡುಕಿದ್ದೆ. 1996ರಲ್ಲಿ ಸಂಸತ್ತು ಎರಡು ಕಾಯ್ದೆಗಳನ್ನು ಮಾಡಿತು. ಒಂದು ಕಟ್ಟಡ ಕಾರ್ಮಿಕರ ನೋಂದಣಿ, ಕೆಲಸದ ಸ್ಥಿತಿಗತಿಗಳಿಗೆ ಸಂಬಂಧಿಸಿದ್ದು, ಇನ್ನೊಂದು ಸೆಸ್ಸಿಗೆ, ಅಂದರೆ ಒಂದೇ ಉದ್ದೇಶಕ್ಕೆಂದು ಎತ್ತುವ ಕರಕ್ಕೆ. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ಹಾಕಬಹುದು, ಕರ್ನಾಟಕದಲ್ಲಿರುವುದು ಶೇಕಡಾ 1. ಸರ್ಕಾರಿ ಕಾಮಗಾರಿಯಾದರೆ ಗುತ್ತಿಗೆದಾರನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಖಾಸಗಿ ಕಟ್ಟಡವಾದರೆ ನಕ್ಷೆಗೆ ಒಪ್ಪಿಗೆ ಕೊಡುವ ಸ್ಥಳೀಯ ಸಂಸ್ಥೆ ಕಟ್ಟಿಸಿಕೊಳ್ಳುತ್ತದೆ. ವಸೂಲಿಯ ಖರ್ಚೆಂದು ಶೇಕಡಾ 1ಕ್ಕೆ ಮೀರದಂತೆ ಹಿಡಿದುಕೊಂಡು ಉಳಿದದ್ದನ್ನು ಕಲ್ಯಾಣ ಮಂಡಳಿಗೆ ಕೊಡಬೇಕು. ಮಂಡಳಿಗೆ ಅದರದೇ ನಿಧಿ, ಅದರದೇ ಆಯವ್ಯಯ. ಸದನ ಈ ಹಣಕ್ಕೆ ಪ್ರತಿವರ್ಷ ಕೈ ಎತ್ತಿ ಒಪ್ಪಿಗೆ ಕೊಡುವುದಿಲ್ಲ. ಸದನದ ಮತಕ್ಕೇ ಬಾರದ ಹಣವನ್ನು ಬಜೆಟ್ ಚರ್ಚೆಯಲ್ಲಿ ಕಡಿತ ಸೂಚನೆ (ಇಲಾಖೆ ಕೇಳಿದ ಹಣ ಕಡಿಮೆ ಮಾಡಿ ಎಂಬ ಸೂಚನೆ) ತಂದು ಮುಟ್ಟುವುದು ಹೇಗೆ?

ಇನ್ನು ಕ್ಷೌರಿಕರ 5,000 ಬಂದದ್ದು ಸರ್ಕಾರದ ಬೊಕ್ಕಸದಿಂದ, ಗಾರೆಯವರದು ಮಂಡಳಿಯ ನಿಧಿಯಿಂದ. ಎರಡನ್ನೂ ಒಂದೇ ಉಸಿರಿನಲ್ಲಿ ಪ್ರಕಟಿಸಿದ್ದರಿಂದ ನನ್ನಂಥವನಿಗೆ ಎರಡೂ ಒಂದೇ ಚೀಲದ ದುಡ್ಡಿನಂತೆ ಕಂಡಿತು. ಘೋಷಣೆ ಮಾಡುವವರು ಯಾವ ಪಕ್ಷದವರಾದರೂ ಹೀಗೆಯೇ ಮಾಡುತ್ತಾರೆ. ಕೂಲಿಕಾರನ ಬೆವರಿನ ಹೆಸರಿನಲ್ಲಿ ಕೂಡಿಟ್ಟ ಸೆಸ್ ಕೂಡ ಸರ್ಕಾರದ ಔದಾರ್ಯವಾಗಿ ಹೊರಬರುತ್ತದೆ. ಅದನ್ನು ಹೇಳಬೇಕಾದ ಶಾಸಕರ ಬಾಯಿಗೆ ನಾನೇ ತಪ್ಪು ಪ್ರಶ್ನೆ ತುರುಕಿದ್ದೆ.

ಅದರ ಬೆಲೆ ತೆತ್ತವರು ಬೇರೆ. ಸದನದಿಂದ ಉತ್ತರ ಬರಲಿ, ಅದನ್ನೇ ಹಿಡಿದು ಮೇಲ್ಮನವಿ ಹಾಕೋಣ ಎಂದು ನಾನು ಗಾರೆಯವರನ್ನು ತಡೆದಿದ್ದೆ. ಅಷ್ಟರಲ್ಲಿ ಮಕ್ಕಳ ಅರ್ಜಿಯ ಕಾಲಮಿತಿ ಮುಗಿದಿತ್ತು. ಪಿಯುಸಿಯಲ್ಲಿದ್ದ ಒಬ್ಬ ಹುಡುಗಿಯ ತಂದೆ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಕಣ್ಣು ತೆರೆಸಿದವರು ಭದ್ರಾವತಿಯ ಒಬ್ಬ ನಿವೃತ್ತ ಲೆಕ್ಕಪರಿಶೋಧಕರು. ನನ್ನ ಕರಡನ್ನು ಓದಿ, ಆ 1996ರ ನೋಂದಣಿ ಕಾಯ್ದೆಯ 27ನೇ ಕಲಂ ಓದಿದ್ದೀಯಾ ಎಂದರು. ಓದಿರಲಿಲ್ಲ. ಮಂಡಳಿಯ ಲೆಕ್ಕವನ್ನು ಸಿಎಜಿ (ದೇಶದ ಮಹಾಲೆಕ್ಕಪರಿಶೋಧಕರು) ಪರಿಶೋಧಿಸಬೇಕು, ವಾರ್ಷಿಕ ವರದಿ ಮತ್ತು ಪರಿಶೋಧನೆಯ ವರದಿ ಎರಡನ್ನೂ ರಾಜ್ಯ ಸರ್ಕಾರ ಶಾಸಕಾಂಗದ ಮುಂದೆ ಮಂಡಿಸಬೇಕು ಎಂದು ಅಲ್ಲಿದೆ. 24ನೇ ಕಲಮಿನಲ್ಲಿ ಇನ್ನೊಂದು ಬೇಲಿ ಇದೆ: ಸಂಬಳ, ಆಡಳಿತದ ಖರ್ಚು ಆ ವರ್ಷದ ಒಟ್ಟು ಖರ್ಚಿನ ಶೇಕಡಾ 5ನ್ನು ದಾಟುವಂತಿಲ್ಲ. ಶಾಸಕರು ಹಿಡಿಯಬೇಕಾದ ಹಗ್ಗ ಇವು. ಯಾವ ವರ್ಷದ ವರದಿ ಯಾವ ದಿನ ಸದನದ ಮುಂದೆ ಬಂತು? ತಡವಾದದ್ದಕ್ಕೆ ಕಾರಣವೇನು? ಆಡಳಿತ ವೆಚ್ಚ ಮಿತಿಯೊಳಗಿದೆಯೇ? ಇಂಥ ಪ್ರಶ್ನೆಗೆ ಉದ್ಭವಿಸುವುದಿಲ್ಲ ಎಂದು ಬರೆದು ಜಾರಿಕೊಳ್ಳುವುದು ಸುಲಭವಲ್ಲ. ವರದಿಗಳು ಹೊತ್ತಿಗೆ ಸರಿಯಾಗಿ ಬಂದವೇ ಎಂದು ನೋಡುವುದಕ್ಕೆಂದೇ ಮಂಡಿಸಲಾದ ಕಾಗದಪತ್ರಗಳ ಸಮಿತಿಯೂ, ಸಚಿವರು ಸದನದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೂ ವಿಧಾನಸಭೆಯಲ್ಲಿವೆ. ಹಾಂ, 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಹಳೆಯ ಕಾಯ್ದೆಗಳು ಅವುಗಳಲ್ಲಿ ಸೇರಿಹೋಗಿವೆ. ಸೆಸ್ಸೂ ಮಂಡಳಿಯೂ ಮುಂದುವರಿದಿವೆ, ಆದರೆ ಪ್ರಶ್ನೆಯಲ್ಲಿ ಕಲಂ ಸಂಖ್ಯೆ ಬರೆಯುವ ಮೊದಲು ಹೊಸ ಸಂಹಿತೆಯನ್ನು ನೋಡಿಕೊಳ್ಳಿ.

ನನ್ನ ಎರಡನೆಯ ಸುತ್ತು ಮಾಹಿತಿ ಹಕ್ಕಿನಿಂದ ಆರಂಭವಾಯಿತು. ಹಣದ ಮಾತನ್ನೇ ಎತ್ತಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಬಂದ ಅರ್ಜಿಗಳೆಷ್ಟು, ತಿರಸ್ಕಾರವಾದವೆಷ್ಟು, ಒಂದೊಂದಕ್ಕೂ ಬರೆದ ಕಾರಣವೇನು ಎಂದಷ್ಟೇ ಕೇಳಿದೆ. ಕಾರಣಗಳ ಪಟ್ಟಿ ಬಂದಾಗ ಮಲೆನಾಡಿನ ಬದುಕೇ ಅದರಲ್ಲಿತ್ತು. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಬೆಂಗಳೂರಿನಲ್ಲಿ ಒಂದೇ ಅಪಾರ್ಟ್‌ಮೆಂಟಿನ ಕೆಳಗೆ ವರ್ಷವಿಡೀ ಬಿಡಾರ ಹೂಡಿದವನಿಗೆ ಇದು ಲೆಕ್ಕಕ್ಕೇ ಇಲ್ಲ. ನಮ್ಮಲ್ಲಿ ಜೂನ್ ಹಿಡಿದ ಮಳೆ ಬಿಡುವಷ್ಟರಲ್ಲಿ ಕೊನೆಕೊಯ್ಲು ಬರುತ್ತದೆ, ಗಾರೆಯವನೇ ಅಡಿಕೆ ಹೊರುತ್ತಾನೆ, ಅವನ ಹೆಂಡತಿ ರಾತ್ರಿ ಸುಲಿಯಲು ಕೂರುತ್ತಾಳೆ. ಮನೆ ಕೆಲಸ ಜೋರಾಗುವುದು ಬೇಸಿಗೆಯಲ್ಲಿ. ಅದೂ ಒಬ್ಬರಲ್ಲಿ ಹತ್ತು ದಿನ ಜಂಬಿಟ್ಟಿಗೆ ಗೋಡೆ, ಇನ್ನೊಬ್ಬರಲ್ಲಿ ವಾರ ಕೊಟ್ಟಿಗೆಯ ನೆಲ, ಮತ್ತೊಬ್ಬರಲ್ಲಿ ಹಂಚು ಕೈಯಾಡಿಸುವುದು. ತೊಂಬತ್ತು ದಿನ ಆಗಿಯೇ ಆಗುತ್ತದೆ, ಆದರೆ ಒಂದೇ ಮಾಲೀಕನ ಸಹಿಯಲ್ಲಿ ಆಗುವುದಿಲ್ಲ. ಕಾಯ್ದೆ ಒಬ್ಬನೇ ಮಾಲೀಕ ಎಂದು ಎಲ್ಲೂ ಹೇಳಿರಲಿಲ್ಲ. ಅರ್ಜಿ ನೋಡಿದ ಕಚೇರಿ ಮಾತ್ರ ಹಾಗೆಂದೇ ತಿಳಿದಂತಿತ್ತು.

ಆ ಪಟ್ಟಿಯನ್ನು ಈ ಸಲ ವಿಧಾನ ಪರಿಷತ್ತಿನ ಸದಸ್ಯರೊಬ್ಬರಿಗೆ ಕೊಟ್ಟೆ. ಪರಿಷತ್ತಿಗೆ ಬೇಡಿಕೆಗಳ (ಇಲಾಖೆಗಳ ಖರ್ಚಿಗೆ ಸದನದ ಒಪ್ಪಿಗೆ ಕೇಳುವ ಪ್ರಸ್ತಾವಗಳ) ಮೇಲೆ ಮತ ಹಾಕುವ ಅಧಿಕಾರವಿಲ್ಲ, ಸಂವಿಧಾನದ 203ನೇ ವಿಧಿಯಲ್ಲಿ ಅದು ವಿಧಾನಸಭೆಗೆ ಮಾತ್ರ. ಆದರೆ ಪ್ರಶ್ನೆ ಕೇಳಲು ಅಡ್ಡಿಯಿಲ್ಲ, ಕೆಲವೊಮ್ಮೆ ಅಲ್ಲಿ ಗಲಾಟೆಯೂ ಕಡಿಮೆ. ಬೇರೆ ಬೇರೆ ಮಾಲೀಕರ ದೃಢೀಕರಣ ಪತ್ರಗಳನ್ನು ಕೂಡಿಸಿ 90 ದಿನ ಲೆಕ್ಕ ಹಾಕಬಹುದೇ ಎಂಬ ಒಂದೇ ಪ್ರಶ್ನೆಗೆ ಹೌದು ಎಂಬ ಲಿಖಿತ ಉತ್ತರ ಬಂತು. ಅದರ ನಕಲನ್ನು ಲಗತ್ತಿಸಿದ ಅರ್ಜಿಗಳು ವಾಪಸ್ ಬರಲಿಲ್ಲ. ಪಿಯುಸಿ ಹುಡುಗಿಗೆ ಮಾತ್ರ ಆ ವರ್ಷದ್ದು ಸಿಗಲೇ ಇಲ್ಲ.

ಹಾಗಾಗಿ ಬಜೆಟ್ ಚರ್ಚೆಯ ಮೇಲಿನ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಶಾಸಕರು ಬೇಡಿಕೆಯನ್ನು ಒಪ್ಪಬಹುದು, ತಳ್ಳಬಹುದು, ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಆಡಳಿತ ಪಕ್ಷದವರು ತಳ್ಳಿದರೆ ಸರ್ಕಾರವೇ ಬೀಳುತ್ತದೆ, ಆದ್ದರಿಂದ ತಳ್ಳುವುದಿಲ್ಲ. ಸಮಯ ಮುಗಿದಾಗ ಚರ್ಚೆಯೇ ಆಗದ ಇಲಾಖೆಗಳ ಬೇಡಿಕೆಗಳನ್ನು ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಅದಕ್ಕೆ ಗಿಲೋಟಿನ್ ಎಂದೇ ಹೆಸರು. ಹಲ್ಲಿರುವ ಪರಿಶೀಲನೆ ನಡೆಯುವುದು ಖರ್ಚಾದ ಮೇಲೆ. ಸಿಎಜಿ ವರದಿ 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳುತ್ತದೆ, ರೂಢಿಯಂತೆ ವಿರೋಧ ಪಕ್ಷದವರೇ ಅದರ ಅಧ್ಯಕ್ಷರು. ಕ್ಯಾಮೆರಾ ಇಲ್ಲದ ಕಡೆ ನಮ್ಮ ಶಾಸಕರು ಅಚ್ಚರಿಯಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೆ. ಇಡೀ ದೇಶದಲ್ಲಿ ಸೆಸ್ ಹಣ ಎಲ್ಲೆಲ್ಲಿ ಹೋಗಿದೆ ಎಂಬುದು ಬಯಲಾದದ್ದೂ ಲೆಕ್ಕಪರಿಶೋಧನೆಯಿಂದಲೇ. ಕಾರ್ಮಿಕರ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷಿನ್ ಕೊಂಡದ್ದು ಸುಪ್ರೀಂ ಕೋರ್ಟಿನ ಮುಂದೆ ಬಂತು, 2018ರ ಮಾರ್ಚ್ 19ರ ತೀರ್ಪು ಇಡೀ ವ್ಯವಸ್ಥೆಯನ್ನೇ ಜಾಡಿಸಿತು.

ಉದ್ಯೋಗ ಖಾತರಿಯ ಬಗ್ಗೆಯೂ ಕೇಳಿದ್ದೀರಿ. ಅದರ ದಾರಿಯೇ ಬೇರೆ. 2005ರ ಕಾಯ್ದೆ 17ನೇ ಕಲಮಿನಲ್ಲಿ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕೈಗೇ ಕೊಟ್ಟಿತ್ತು. ತೋಟದ ಬಸಿಗಾಲುವೆ ತೆಗೆದರೋ ಇಲ್ಲವೋ ಎಂದು ಬೆಂಗಳೂರಿನಲ್ಲಿ ಕೇಳಿಸುವ ಅಗತ್ಯವಿಲ್ಲ, ಊರವರಿಗೆ ಕಾಣುತ್ತದೆ. ಆ ಸಭೆಗೆ ಜನ ಹೋಗುವುದಿಲ್ಲ ಎಂಬುದು ನನ್ನ ಇನ್ನೊಂದು ಸಿಟ್ಟು, ಇಲ್ಲಿ ಬೇಡ.

ಇನ್ನು ನಿಮ್ಮ ಕೆಲಸಕ್ಕೆ ಬರುತ್ತೇನೆ. ಸದನವೋ ಮಾಹಿತಿ ಹಕ್ಕೋ ಎಂದು ಆರಿಸಿಕೊಳ್ಳಲು ಹೋಗಬೇಡಿ. ಮೊದಲು ಮಾವನ ಮೇಲ್ಮನವಿಯನ್ನು ಇದೇ ವಾರ ಹಾಕಿಸಿ, ಯಾರ ಉತ್ತರಕ್ಕೂ ಕಾಯಬೇಡಿ. ಜೊತೆಯಲ್ಲೇ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಇಲ್ಲವಾದರೆ ಅದನ್ನೇ ನೆಪ ಮಾಡಿ ಹಿಂದಿರುಗಿಸುತ್ತಾರೆ. 30 ದಿನಗಳಲ್ಲಿ ಬರುವ ತಿರಸ್ಕಾರದ ಪಟ್ಟಿಯಲ್ಲಿ ನಿಮ್ಮ ಮಾವನಂಥವರು ಎಷ್ಟು ಜನ ಎಂದು ನೋಡಿ, ಒಬ್ಬರೇ ಆದರೆ ಸದನದ ಮಾತು ಬಿಡಿ. ಹಲವರಿದ್ದರೆ ಆಗ ಶಾಸಕರ ಬಳಿ ಹೋಗಿ, ಒಂದೇ ಪ್ರಶ್ನೆಯೊಂದಿಗೆ.

ಮಾವನಿಗೆ ಬಂದ ತಿರಸ್ಕಾರದ ಪತ್ರದಲ್ಲಿ ಕಾರಣವೆಂದು ಏನು ಬರೆದಿದೆ? ಹೆಸರು, ನೋಂದಣಿ ಸಂಖ್ಯೆ ಮುಚ್ಚಿ ಆ ಸಾಲನ್ನಷ್ಟೇ ಟಿಪ್ಪಣಿಯಲ್ಲಿ ಹಾಕಿ. 90 ದಿನದ ತಕರಾರೇ ಆಗಿದ್ದರೆ ಮೇಲ್ಮನವಿಯ ಕರಡನ್ನು ನಾನು ಬರೆದುಕೊಡುತ್ತೇನೆ.