ಟ್ಯೂಬ್‌ಲೈಟಿಗೆ ಫ್ಯಾನ್ ರೆಗ್ಯುಲೇಟರ್ ಹಾಕಬಹುದಾ?

ಪ್ರಶ್ನೆ: ಉಡುಪಿ ರಥಬೀದಿ ಹತ್ತಿರ ನಮ್ಮದೊಂದು ಸೀರೆ ಅಂಗಡಿ ಇದೆ. 36 ವ್ಯಾಟಿನ 24 ಟ್ಯೂಬ್‌ಲೈಟ್, ಎಲ್ಲಾ ಹಳೇ ಕಾಪರ್ ಚೋಕ್‌ನವು. ಎಲೆಕ್ಟ್ರಾನಿಕ್ ಚೋಕ್ ಹಾಕಿಸಿದರೆ ಬಿಲ್ ಇಳಿಯುತ್ತದಾ? ಹಗಲು ಬೆಳಕು ತಗ್ಗಿಸಲು ಫ್ಯಾನ್ ರೆಗ್ಯುಲೇಟರ್ ಸಾಕು ಎನ್ನುತ್ತಾರೆ ನಮ್ಮ ಎಲೆಕ್ಟ್ರಿಶಿಯನ್. ಹೌದಾ?

ಉತ್ತರ: ರೆಗ್ಯುಲೇಟರ್ ಮಾತ್ರ ಬೇಡ ಮಾರಾಯ್ರೆ. ಟ್ಯೂಬಿನ ಎರಡೂ ತುದಿಯ ಫಿಲಮೆಂಟ್ ಬಿಸಿಯಾಗಿರಬೇಕು. ರೆಗ್ಯುಲೇಟರ್ ತಿರುಗಿಸಿದರೆ ಅದೇ ತಣ್ಣಗಾಗುತ್ತದೆ, ಟ್ಯೂಬ್ ಮಿಣಮಿಣ ಎನ್ನುತ್ತದೆ, ತುದಿ ಕಪ್ಪಾಗಿ ಬೇಗ ಹೋಗುತ್ತದೆ, ಸಾದಾ ಎಲೆಕ್ಟ್ರಾನಿಕ್ ಚೋಕ್ ಆದರೆ ಅದೂ ಸುಟ್ಟುಹೋಗಬಹುದು. ಸರಿಯಾಗಿ ತಗ್ಗಿಸಲು ಡಿಮ್ಮಿಂಗ್ ಬ್ಯಾಲಸ್ಟ್, ಅಂದರೆ ಬೆಳಕು ತಗ್ಗಿಸಬಲ್ಲ ಚೋಕ್, ಬೇಕು (1-10 ವೋಲ್ಟ್ ಅಥವಾ ಡಾಲಿ ಅಂತ ಬರೆದಿರುತ್ತದೆ). ಬೆಲೆ ಜಾಸ್ತಿ, ಪ್ರತಿ ಫಿಟ್ಟಿಂಗಿಗೂ ಕಂಟ್ರೋಲ್ ವೈರ್ ಬೇರೆ ಎಳೆಯಬೇಕು. ಅಂಗಡಿಗೆ ಅಷ್ಟೆಲ್ಲ ಯಾಕೆ? ಬಾಗಿಲ ಬಳಿಯ ಸಾಲಿಗೆ ಬೇರೆ ಸ್ವಿಚ್ ಕೊಡಿಸಿ, ಬಿಸಿಲಿದ್ದಾಗ ಆ ಸಾಲು ಆರಿಸಿ.

ಚೋಕ್ ಬದಲಿಸುವುದು ಲಾಭವೇ. ಕಾಪರ್ ಚೋಕ್ ಸುಡುವಷ್ಟು ಬಿಸಿಯಾಗುತ್ತದಲ್ವಾ, ಆ ಬಿಸಿಗೂ ನೀವೇ ದುಡ್ಡು ಕಟ್ಟುತ್ತಿದ್ದೀರಿ. ಚೋಕ್ ಸೇರಿ ಒಂದು ಫಿಟ್ಟಿಂಗ್ 48 ವ್ಯಾಟಿನ ಆಸುಪಾಸು ಎಳೆಯುತ್ತದೆ, ಒಳ್ಳೆ ಎಲೆಕ್ಟ್ರಾನಿಕ್‌ನಲ್ಲಿ ಸುಮಾರು 36. ಒಂದಕ್ಕೆ 12 ವ್ಯಾಟ್ ಉಳಿದರೆ 24ಕ್ಕೆ 288, ದಿನಕ್ಕೆ 10 ಗಂಟೆಯಂತೆ 26 ದಿನಕ್ಕೆ ಹತ್ತಿರತ್ತಿರ 75 ಯೂನಿಟ್. ಸಂಜೆ ವೋಲ್ಟೇಜ್ ಇಳಿದಾಗ ಸ್ಟಾರ್ಟರ್ ಮಿಟುಕಿಸುವ ಕಾಟವೂ ಇಲ್ಲ.

ಆದರೆ ಅಗ್ಗದ್ದು ತರಬೇಡಿ. ಡಬ್ಬದ ಮೇಲೆ ಬರೀ 28 ವ್ಯಾಟ್ ನೋಡಿ ಖುಷಿಪಡಬೇಡಿ, ಅದು ಬೆಳಕನ್ನೇ ಕಡಿಮೆ ಮಾಡಿ ಕರೆಂಟ್ ಉಳಿಸಿದ್ದೂ ಇರಬಹುದು. ಬ್ಯಾಲಸ್ಟ್ ಫ್ಯಾಕ್ಟರ್ ಕೇಳಿ: 1ರ ಹತ್ತಿರ ಇದ್ದರೆ ಪೂರ್ತಿ ಬೆಳಕು, 0.8 ಎಂದರೆ ಐದನೇ ಒಂದು ಪಾಲು ಕಡಿಮೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂಬ ಅಳತೆ) 0.9ಕ್ಕಿಂತ ಮೇಲಿರಲಿ. ಏಪ್ರಿಲ್-ಮೇ ಸಿಡಿಲಿಗೆ ಎಲೆಕ್ಟ್ರಾನಿಕ್ ಚೋಕ್ ಸಾಲಾಗಿ ಹೋಗುವುದುಂಟು, ರಾತ್ರಿ ಬಾಗಿಲು ಹಾಕುವಾಗ ಲೈಟಿನ ಮೇನ್ ಆಫ್ ಮಾಡಿಯೇ ಹೋಗಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಟ್ಯೂಬುಗಳೂ ಹಳತಾಗಿದ್ದರೆ ಹೊಸ ಚೋಕಿಗೆ ದುಡ್ಡು ಸುರಿಯಬೇಡಿ, 18-20 ವ್ಯಾಟಿನ ಎಲ್‌ಇಡಿ ಟ್ಯೂಬ್ ಹಾಕಿಸಿ. ಮೇನ್ ಲೈನಿಗೆ ನೇರವಾಗಿ ಜೋಡಿಸುವಂಥದ್ದಾದರೆ ಚೋಕ್, ಸ್ಟಾರ್ಟರ್ ಎರಡನ್ನೂ ತೆಗೆಸಬೇಕು. ಸಿಆರ್‌ಐ (ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ, 100 ಅಂದರೆ ಪೂರ್ತಿ) 90 ಇರುವುದನ್ನೇ ಕೇಳಿ, ಇಲ್ಲದಿದ್ದರೆ ಅಂಗಡಿಯಲ್ಲಿ ಕಂಡ ಕೆಂಪು ಬಣ್ಣ ಮನೆಯಲ್ಲಿ ಬೇರೆ ಎಂದು ಗಿರಾಕಿಗಳು ಸೀರೆ ವಾಪಸ್ ತಂದಾರು!