'ಕರ್' ಅಂದರೆ ಎಂಥ ನಾಯಿ?

ಪ್ರಶ್ನೆ: ಮಗಳು ಶೇಕ್ಸ್‌ಪಿಯರ್‌ನ 'ಮರ್ಚೆಂಟ್ ಆಫ್ ವೆನಿಸ್' ನಾಟಕ ಓದುತ್ತಿದ್ದಾಳೆ. ಅದರಲ್ಲಿ ಬಡ್ಡಿಗೆ ಸಾಲ ಕೊಡುವ ಶೈಲಾಕ್‌ಗೆ 'ಕರ್' ಅಂತ ಬೈಗುಳ. ನಾಯಿ ಅನ್ನೋಕೆ 'ಡಾಗ್' ಇದೆ, ಅಲ್ವಾ? ಮತ್ತೆ ಈ ಪದ ಯಾಕೆ?
– ಒಬ್ಬ ತಾಯಿ, ಶಿರಸಿ

ಉತ್ತರ: 'ಕಂತ್ರಿ ನಾಯಿ' ಅಂತ ಹೇಳಿ, ಮಗಳಿಗೆ ತಕ್ಷಣ ಅರ್ಥವಾಗುತ್ತದೆ. ಡಾಗ್ ಯಾವ ನಾಯಿಯಾದರೂ ಆಗಬಹುದು. ಕರ್ ಅಂದರೆ ತಳಿ ಗೊತ್ತಿಲ್ಲದ್ದು, ಬಾಗಿಲಿಗೆ ಬಂದರೆ ಹಚಾ ಅನ್ನಿಸಿಕೊಳ್ಳುವಂಥದ್ದು. ಶೈಲಾಕ್‌ನ ನೋವೂ ಅದೇ. ಗುರುತಿಲ್ಲದ ನಾಯಿಯನ್ನು ಹೊಸ್ತಿಲಾಚೆ ಒದ್ದ ಹಾಗೆ ನನ್ನನ್ನು ಒದ್ದಿರಿ, ಈಗ ಸಾಲ ಕೇಳುತ್ತೀರಿ, ನಾಯಿ ಮೂರು ಸಾವಿರ ಡಕಟ್ (ಆಗಿನ ಚಿನ್ನದ ನಾಣ್ಯ) ಸಾಲ ಕೊಡುತ್ತದೆಯೇ ಎಂದು ವ್ಯಾಪಾರಿ ಆಂಟೋನಿಯೊನನ್ನು ಕೇಳುತ್ತಾನೆ. ಆ ಮಾತಿನಲ್ಲಿ 'ಕರ್' ಎರಡು ಸಲ ಬರುತ್ತದೆ. ಮಗಳಿಗೆ ಗಟ್ಟಿಯಾಗಿ ಓದಲು ಹೇಳಿ.

ಪದ 13ನೇ ಶತಮಾನದಷ್ಟು ಹಳೆಯದು. ಗುರುಗುಟ್ಟುವ ಸದ್ದಿನಿಂದಲೇ ಹುಟ್ಟಿರಬೇಕು ಅನ್ನುತ್ತಾರೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಇದಕ್ಕೆ ಕೆಲಸಕ್ಕೆ ಬಾರದ, ಕುಲಗೆಟ್ಟ ನಾಯಿ ಎಂದು ಅರ್ಥ ಕೊಟ್ಟ. ನನಗೆ ಅದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ 1790ರಲ್ಲಿ ಥಾಮಸ್ ಬ್ಯುಯಿಕ್ ಎಂಬ ಮರಗೆತ್ತನೆಯ ಕಲಾವಿದ ಪ್ರಾಣಿಗಳ ಪುಸ್ತಕ ಮಾಡಿದ. ಅದರಲ್ಲಿ ಇದೇ 'ಕರ್' ರೈತನ ನಂಬಿಕೆಯ ಆಳು. ಉತ್ತರ ಇಂಗ್ಲೆಂಡಿನಲ್ಲಿ ದನ ಅಟ್ಟುವ ನಾಯಿ ಅದು. ದನದ ಹಿಮ್ಮಡಿಗೇ ಬಾಯಿ ಹಾಕುತ್ತದೆ, ದನಕ್ಕೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಅಂತ ಬರೆದಿದ್ದಾನೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ತೋಟದಲ್ಲಿ ಕೆಂಚ ಅಂತ ಒಂದು ನಾಯಿ 11 ವರ್ಷ ಇತ್ತು. ಸಂತೆಯ ದಿನ ಸುಮ್ನೆ ನಮ್ಮಪ್ಪನ ಹಿಂದೆ ಬಂದದ್ದು, ಹೋಗಲೇ ಇಲ್ಲ. ಪಕ್ಕದವರ ಎಮ್ಮೆ ಬೇಲಿ ನುಗ್ಗಿದರೆ ಬೊಗಳುತ್ತಾ ನಿಲ್ಲುತ್ತಿರಲಿಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ ಹಿಂದಿನಿಂದ ಹೋಗಿ, ಹಿಂಗಾಲಿನ ಗೊರಸಿನ ಮೇಲೆ ಒಂದೇ ಒಂದು ಸಲ ಕಚ್ಚಿ ಹಿಂದೆ ಸರಿಯುತ್ತಿತ್ತು. ಯಾರೂ ಕಲಿಸಿರಲಿಲ್ಲ. ಅಮೆರಿಕದಲ್ಲಿ ಇವತ್ತಿಗೂ 'ಬ್ಲ್ಯಾಕ್ ಮೌತ್ ಕರ್', 'ಮೌಂಟನ್ ಕರ್' ಅಂತ ಕೆಲಸದ ನಾಯಿಗಳಿವೆ. ಸಾಕಿದವರು ಆ ಹೆಸರನ್ನು ಹೆಮ್ಮೆಯಿಂದಲೇ ಹೇಳುತ್ತಾರೆ.

ನಮ್ಮ 'ಕಂತ್ರಿ'ಯೂ ಇಂಗ್ಲಿಷಿನ 'ಕಂಟ್ರಿ'ಯೇ. ಬ್ರಿಟಿಷರು ವಿಲಾಯತಿ ಮಾಲಿಗೆ 'ಯುರೋಪ್' ಅಂತಲೂ ಇಲ್ಲಿಯದಕ್ಕೆ 'ಕಂಟ್ರಿ' ಅಂತಲೂ ಹೇಳುತ್ತಿದ್ದರು. ಕಂಟ್ರಿ ಸಾರಾಯಿ ಅನ್ನುವುದರಲ್ಲಿ ಅದು ಇನ್ನೂ ಉಳಿದಿದೆ. ಅಂದರೆ ಕಂತ್ರಿ ನಾಯಿ ಅಂದರೆ ಈ ನೆಲದ ನಾಯಿ, ಅಷ್ಟೇ. ಅದು 'ಕಂತ್ರಿ ಬುದ್ಧಿ' ಆಗಿ ಮನುಷ್ಯರಿಗೂ ಬೈಗುಳವಾಯಿತು. ನಮ್ಮಪ್ಪ ಮಾತ್ರ ಆ ಪದ ಆಡುತ್ತಿರಲಿಲ್ಲ. ಯಾವ ಜಾತಿ ನಾಯಿ ಅಂತ ಯಾರಾದರೂ ಕೇಳಿದರೆ, "ನಮ್ಮೂರಿಂದು" ಅನ್ನುತ್ತಿದ್ದರು.